ಋತುಮಾನವೆಂಬ ಸಮಾಧಾನ

ಭೀಮಾ ನದಿಯ ಆಚೀಚೆಯ ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ಕುದುರೆ ಅಪರಿಚಿತವಾದ ಪ್ರಾಣಿಯಲ್ಲ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಅರವತ್ತು ದಾಟಿದ ಯಾರನ್ನು ಕೇಳಿದರೂ ಟಾಂಗಾದ ಗೆಜ್ಜೆಯ ಸದ್ದನ್ನು ನೆನೆದು ಒಂದು ಕ್ಷಣ ಸುಮ್ಮನಾಗುತ್ತಾರೆ. ಟಾಂಗಾಗಳು ಹೋದವು. ಆದರೆ ಕುರಿಹಿಂಡಿನ ಹಿಂದೆ ಕಂಬಳಿ, ಪಾತ್ರೆ, ಕೋಳಿ, ಆಗತಾನೇ ಹುಟ್ಟಿದ ಮರಿ ಇವನ್ನೆಲ್ಲ ಬೆನ್ನ ಮೇಲೆ ಹೊತ್ತು ನಡೆಯುವ ಕುಳ್ಳ ಮೈಕಟ್ಟಿನ ಕುದುರೆಯನ್ನು ಇಂದಿಗೂ ನಮ್ಮ ಹೊಲಗಳ ಅಂಚಿನಲ್ಲಿ ಕಾಣಬಹುದು. ಭೀಮಥಡಿ ಎಂಬುದು ಅದರ ಹೆಸರು. ಒಂದು ಕಾಲಕ್ಕೆ ಮರಾಠರ ಅಶ್ವದಳದಲ್ಲಿ ಹೆಸರು ಮಾಡಿದ್ದ ಈ ತಳಿಗೆ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಈಚಿನ ವರ್ಷಗಳಲ್ಲಿ ಸ್ವತಂತ್ರ ತಳಿಯೆಂಬ ಮಾನ್ಯತೆಯನ್ನು ನೀಡಿದೆ. ಥಡಿ ಎಂಬ ಮಾತು ನಮ್ಮ ಕಿವಿಗೆ ತಡಿಯೆಂದೇ ಕೇಳುತ್ತದೆ. ಭೀಮೆಯ ತಡಿಯಲ್ಲಿ ನಾವೂ ಇದ್ದೇವೆ, ಅದೂ ಇದೆ.

ನಮ್ಮ ದೇವರೂ ಕುದುರೆ ಏರಿದವನೇ. ಮೈಲಾರಲಿಂಗನೆಂದು ನಾವು, ಖಂಡೋಬನೆಂದು ನೆರೆಯವರು ಕೈಮುಗಿಯುವ ದೈವದ ವಾಹನ ಕುದುರೆ. ದಸರೆಯ ದಿನ ಲಾಯದಲ್ಲಿದ್ದ ಕುದುರೆಗೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಬೆಳಗುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ವರ್ಷದಲ್ಲಿ ಒಂದು ದಿನ ಪೂಜೆ ಮಾಡುವುದು ಸುಲಭ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಪ್ರಾಣಿಯನ್ನು ಕಣ್ಣಿಟ್ಟು ನೋಡುವುದು ಕಷ್ಟ. ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಆ ಉಳಿದ ದಿನಗಳ ಕುರಿತು.

ಪ್ರಶ್ನೆ ಇಷ್ಟೇ. ಕುದುರೆಯ ಚೈತನ್ಯವು ಋತುವಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಇದು ಪ್ರಕೃತಿಧರ್ಮ. ಹಾಗಾದರೆ ಆ ಇಳಿತವನ್ನು ಕಂಡು ಸಾಕಿದವನು ಚಿಂತಿಸಬೇಕಾದದ್ದು ಯಾವಾಗ? ಮೇಲ್ನೋಟಕ್ಕೆ ಇದು ಪಶುವೈದ್ಯರು ಉತ್ತರಿಸಬೇಕಾದ ಪ್ರಶ್ನೆ. ಆದರೆ ವೈದ್ಯರನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವವನು ವೈದ್ಯನಲ್ಲ. ಆ ಪ್ರಾಣಿಯ ದುಡಿಮೆಯನ್ನು ಉಣ್ಣುವ ಒಡೆಯ. ದಣಿದವನು ಒಬ್ಬ, ದಣಿವು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವವನು ಇನ್ನೊಬ್ಬ, ಆ ತೀರ್ಪಿನಿಂದ ಲಾಭ ನಷ್ಟ ಪಡೆಯುವವನೂ ಅವನೇ. ಹೀಗಿರುವಾಗ ಆ ಪ್ರಶ್ನೆ ವೈದ್ಯಶಾಸ್ತ್ರವನ್ನು ದಾಟಿ ಧರ್ಮಾಧರ್ಮದ ಅಂಗಳಕ್ಕೆ ಬಂದೇ ಬರುತ್ತದೆ.

ಮೊದಲು ಋತುವಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ನಮ್ಮ ಸೀಮೆಯಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಮೋಟಾದ ಹಗಲಿಗೂ ನಡುವಿನ ಅಂತರ ಎರಡು ತಾಸಿಗಿಂತ ತುಸು ಹೆಚ್ಚು, ಅಷ್ಟೇ. ಹಗಲಿನ ಈ ಅಳತೆಯನ್ನು ಕುದುರೆಯ ಶರೀರ ಕಣ್ಣಿನ ಮೂಲಕ ಗ್ರಹಿಸುತ್ತದೆ. ಹಗಲು ಕುಗ್ಗಿದಂತೆ ರೋಮ ದಟ್ಟವಾಗುತ್ತದೆ. ಹಗಲು ಹಿಗ್ಗಿದಂತೆ ಉದುರುತ್ತದೆ. ತಂಪು ದೇಶಗಳಲ್ಲಿ ಇದು ಎದ್ದು ಕಾಣುತ್ತದೆ, ನಮ್ಮಲ್ಲಿ ಮಂದವಾಗಿ ಕಾಣುತ್ತದೆ. ಹೆಣ್ಣುಗುದುರೆಗೆ ಬೆದೆ ಬರುವುದೂ ಹಗಲು ಹೆಚ್ಚುವ ಕಾಲದಲ್ಲಿಯೇ. ಸುಮಾರು 21 ದಿನಗಳಿಗೊಮ್ಮೆ ಮರಳುವ ಆ ಸರದಿಯಲ್ಲಿ ನಾಲ್ಕೈದು ದಿನ ಅದರ ಸ್ವಭಾವವೇ ಬೇರೆಯಾಗಬಹುದು. ಹನ್ನೊಂದು ತಿಂಗಳು ಗರ್ಭ ಧರಿಸುವ ಪ್ರಾಣಿಯಾದ್ದರಿಂದ, ಮರಿ ಹುಟ್ಟುವ ಹೊತ್ತಿಗೆ ಮತ್ತೆ ಅದೇ ಋತು ಬಂದಿರಬೇಕೆಂಬುದು ಸೃಷ್ಟಿಯ ಲೆಕ್ಕಾಚಾರ.

ಮಾಗಿಯ ಚಳಿಯ ಬೆಳಗಿನಲ್ಲಿ ಕುದುರೆ ಕುಣಿಯುತ್ತದೆ, ಕಿವಿ ನಿಮಿರಿಸುತ್ತದೆ, ಹಗ್ಗ ಜಗ್ಗುತ್ತದೆ. ಅದನ್ನು ಮಸ್ತಿಯೆಂದು ತಿಳಿದು ಚಾಟಿ ಎತ್ತುವವರುಂಟು. ಮಸ್ತಿಯಲ್ಲ, ತಂಪುಗಾಳಿಯು ಅದರ ಮೈಗೆ ಒಪ್ಪುವಂಥದು. ದುಡಿಯುವ ಸ್ನಾಯುಗಳು ವೆಚ್ಚ ಮಾಡುವ ಶಕ್ತಿಯಲ್ಲಿ ಸುಮಾರು ಕಾಲುಪಾಲು ಮಾತ್ರ ದುಡಿಮೆಯಾಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಆ ಶಾಖವನ್ನು ಚಳಿಗಾಲದ ಗಾಳಿ ಸುಲಭವಾಗಿ ಒಯ್ಯುತ್ತದೆ. ವೈಶಾಖದಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಗಾಳಿಗೆ ಆ ಕೆಲಸ ಸಾಧ್ಯವಿಲ್ಲ, ಬೆವರೊಂದೇ ಗತಿ. ಆದ್ದರಿಂದ ಬೇಸಿಗೆಯಲ್ಲಿ ಕುದುರೆ ತಲೆ ತಗ್ಗಿಸಿ ನೆರಳು ಹುಡುಕುವುದು, ಹೆಜ್ಜೆ ನಿಧಾನವಾಗುವುದು ಸೋಮಾರಿತನವಲ್ಲ. ಅದು ಆ ಶರೀರವು ತನ್ನನ್ನು ಕಾಯ್ದುಕೊಳ್ಳುವ ಬಗೆ.

ಇಲ್ಲಿಯೇ ಒಂದು ಸೂಕ್ಷ್ಮವನ್ನು ಹೇಳಿ ಮುಂದೆ ಹೋಗಬೇಕು. ಮನುಷ್ಯನ ಬೆವರಿಗಿಂತ ಕುದುರೆಯ ಬೆವರಿನಲ್ಲಿ ಉಪ್ಪಿನಂಶ ಹೆಚ್ಚು. ನೀರಿನೊಡನೆ ಉಪ್ಪೂ ಅಷ್ಟೇ ಪ್ರಮಾಣದಲ್ಲಿ ಹೊರಟುಹೋಗುವುದರಿಂದ, ಬಹಳ ಬೆವರಿದ ಕುದುರೆಗೆ ಬಾಯಾರಿಕೆಯೇ ತೋರದೆ ಹೋಗಬಹುದು. ತೊಟ್ಟಿಯ ಮುಂದೆ ನಿಲ್ಲಿಸಿದೆವು, ಕುಡಿಯಲಿಲ್ಲ, ಆದ್ದರಿಂದ ಅದಕ್ಕೆ ನೀರು ಬೇಕಿಲ್ಲವೆಂದು ನಾವು ತಿಳಿಯುತ್ತೇವೆ. ನಮ್ಮ ದೇಹದ ಅನುಭವವನ್ನು ಅದರ ದೇಹಕ್ಕೆ ಆರೋಪಿಸಿ ತಪ್ಪುತ್ತೇವೆ. ನಮ್ಮ ಹಿರಿಯರು ನೀರಿನಲ್ಲಿ ಬೂಸಾ ಕದಡಿ ಒಂದು ಹಿಡಿ ಉಪ್ಪು ಹಾಕಿ ಇಡುತ್ತಿದ್ದುದಕ್ಕೆ ಅರ್ಥವಿತ್ತು.

ಋತುವಿನ ಪ್ರಭಾವ ಹೀಗೆ ಸತ್ಯವಾದದ್ದು. ಆದರೆ ಸತ್ಯವಾದ ಮಾತೂ ಹೇಗೆ ನೆಪವಾಗುತ್ತದೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ. ಆ ಪ್ರಸಂಗವನ್ನು ಇಲ್ಲಿ ಹೇಳುವುದು ಯಾರ ಮೇಲೆ ತಪ್ಪು ಹೊರಿಸುವುದಕ್ಕೂ ಅಲ್ಲ. ತಪ್ಪಿನಲ್ಲಿ ನಮಗೂ ಪಾಲಿದೆ.

ಸುಮಾರು 50 ವರ್ಷಗಳ ಹಿಂದಿನ ಮಾತು. ನಮ್ಮ ಅಜ್ಜ ಟಾಂಗಾ ಹೊಡೆಯುತ್ತಿದ್ದರು. ಅಕ್ಕಲಕೋಟೆಯ ರೈಲು ನಿಲ್ದಾಣ ಊರಿನಿಂದ ದೂರ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರೂ ಮದುವೆಗೆ ಬರುವ ನೆಂಟರೂ ಟಾಂಗಾಗಳಿಗೆ ಆಧಾರ. ನಮ್ಮ ಕುದುರೆಯ ಹೆಸರು ರಾಜಾ. ಅಜ್ಜ ಕ್ರೂರಿಯಾಗಿರಲಿಲ್ಲ. ತಾವು ನೀರು ಕುಡಿಯುವ ಮೊದಲು ಅದಕ್ಕೆ ಕುಡಿಸುತ್ತಿದ್ದರು. ಚಾಬೂಕು ಅವರ ಕೈಯಲ್ಲಿ ಇರುತ್ತಿತ್ತೇ ಹೊರತು ಕುದುರೆಯ ಬೆನ್ನನ್ನು ಮುಟ್ಟಿದ್ದು ನಮಗೆ ನೆನಪಿಲ್ಲ.

ರಾಜಾನಿಗೆ ಹದಿನೈದು ಹದಿನಾರು ವರ್ಷ ಆಗಿದ್ದಾಗ ಒಂದು ಬೇಸಿಗೆಯಲ್ಲಿ ಅದು ಸೊರಗಿತು. ಪಕ್ಕೆಲುಬು ಕಾಣಿಸಿದವು, ಏರಿನಲ್ಲಿ ನಿಂತು ನಿಂತು ನಡೆಯಿತು. ಯಾರಾದರೂ ಕೇಳಿದರೆ ಅಜ್ಜ, "ಬ್ಯಾಸಗಿ ಅದಲ್ಲಪ್ಪ, ಮಳಿ ಬಿದ್ರ ತಾನೇ ಸುಧಾರಸ್ತದ" ಎನ್ನುತ್ತಿದ್ದರು. ಮೃಗಶಿರಾ ಮಳೆ ಬಿತ್ತು, ಬದುಗಳಲ್ಲಿ ಹಸಿರು ಎದ್ದಿತು, ರಾಜಾ ನಿಜವಾಗಿಯೂ ಮೈ ತುಂಬಿಕೊಂಡಿತು. ಅಜ್ಜನ ಮಾತು ನಿಜವಾಯಿತು. ಮರುವರ್ಷವೂ ಹಾಗೆಯೇ ಸೊರಗಿತು, ಹಾಗೆಯೇ ಸುಧಾರಿಸಿತು. ಎರಡು ಸಲ ನಿಜವಾದ ಮಾತನ್ನು ಮೂರನೆಯ ಸಲ ಯಾರು ಪ್ರಶ್ನಿಸುತ್ತಾರೆ?

ಮೂರನೆಯ ವರ್ಷ ಸೊರಗುವಿಕೆ ಮಾಘದಲ್ಲಿಯೇ ಆರಂಭವಾಯಿತು. ಆಗಿನ್ನೂ ಬಿಸಿಲು ಏರಿರಲಿಲ್ಲ. ಲಾಯ ಗುಡಿಸುತ್ತಿದ್ದ ನಮ್ಮ ಆಯಿಗೆ ಗೋದಲಿಯ ಬಳಿ ಅಗಿದು ಬಿಟ್ಟ ಕಣಿಕೆಯ ಉಂಡೆಗಳು ಸಿಗತೊಡಗಿದವು. ಹಕ್ಕಿಯ ಗೂಡಿನಂತೆ ಹೆಣೆದುಕೊಂಡ, ಲೋಳೆಯಿಂದ ಒದ್ದೆಯಾದ ಉಂಡೆಗಳು. ಮಕ್ಕಳಾದ ನಾವು ಅವನ್ನು ಒಣಗಿಸಿ ಆಟಕ್ಕೆ ಬಳಸಿಕೊಂಡೆವು. ಆಯಿ ಒಂದು ಸಂಜೆ ಅಜ್ಜನಿಗೆ ಹೇಳಿದರು: "ಇದು ಮೇವು ನುಂಗವಲ್ದು, ಉಗುಳ್ತದ ನೋಡ್ರಿ." ಅಜ್ಜ ಟಾಂಗಾದ ಗಾಲಿಗೆ ಎಣ್ಣೆ ಹಾಕುತ್ತಲೇ, "ಕಣಕಿ ಬಿರುಸು ಅದ. ಹಸಿ ಹುಲ್ಲು ಬಂದ್ರ ತಿಂತದ" ಎಂದರು. ಮಾತು ಅಲ್ಲಿಗೆ ಮುಗಿಯಿತು. ಅದು ಲಗ್ನದ ಕಾಲ. ವರ್ಷದ ದುಡಿಮೆಯಲ್ಲಿ ಅರ್ಧಪಾಲು ಬರುವುದು ಆ ಮೂರು ತಿಂಗಳಲ್ಲಿ.

ಆ ವರ್ಷ ಮಳೆ ತಡವಾಯಿತು. ಜ್ಯೇಷ್ಠದ ಒಂದು ರಾತ್ರಿ ರಾಜಾ ನೆಲಕ್ಕೆ ಬಿದ್ದು ಹೊರಳಾಡಿತು, ತಿರುತಿರುಗಿ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡಿತು. ಕುದುರೆ ವಾಂತಿ ಮಾಡಲಾರದ ಪ್ರಾಣಿ. ಒಳಗೆ ಕಟ್ಟಿಕೊಂಡದ್ದು ಮೇಲಿನಿಂದ ಹೊರಬರಲು ದಾರಿಯಿಲ್ಲ. ಪಶುವೈದ್ಯರು ಬಂದಾಗ ನಡುರಾತ್ರಿ ಮೀರಿತ್ತು. ಮಾಡಬಹುದಾದದ್ದನ್ನು ಮಾಡಿದ ಮೇಲೆ ಅವರು ರಾಜಾನ ನಾಲಿಗೆಯನ್ನು ಒಂದು ಬದಿಗೆ ಹಿಡಿದು, ಕಂದೀಲಿನ ಬೆಳಕಿನಲ್ಲಿ ದವಡೆಯ ಹಲ್ಲುಗಳನ್ನು ಅಜ್ಜನಿಗೆ ತೋರಿಸಿದರು. ಕುದುರೆಯ ಹಲ್ಲು ಜೀವನವಿಡೀ ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮೇಲೇಳುತ್ತದೆ, ಅಷ್ಟೇ ಸವೆಯುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲವಾದ್ದರಿಂದ ಸವೆತ ಸಮನಾಗಿರದೆ ಅಂಚುಗಳು ಚೂಪಾಗುತ್ತವೆ. ರಾಜಾನ ಹಲ್ಲಿನ ಅಂಚು ಕುಡುಗೋಲಿನಂತೆ ಬೆಳೆದು ಒಳಗೆನ್ನೆಯನ್ನು ಕೊಯ್ದಿತ್ತು. ನಾಲಿಗೆಯ ಬದಿಯಲ್ಲಿ ಹಳೆಯ ಹುಣ್ಣು ಇತ್ತು. ಅಗಿಯಲಾರದೆ ನುಂಗಿದ ಒರಟು ಕಣಿಕೆ ಕರುಳಿನಲ್ಲಿ ಕಟ್ಟಿಕೊಂಡಿತ್ತು. ಅರ ಹಿಡಿದು ಅಂಚು ತಿಕ್ಕಿದ್ದರೆ ಒಂದು ತಾಸಿನ ಕೆಲಸವಾಗಿತ್ತೆಂದು ಅವರು ಹೇಳಿದರು. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ಮಳೆಗಾಲದಲ್ಲಿ ಹೇಗೆ ಸುಧಾರಿಸುತ್ತಿತ್ತು? ಹಸಿ ಹುಲ್ಲು ಮೆತ್ತಗಿರುತ್ತದೆ, ಅದಕ್ಕೆ ಅಷ್ಟು ಹಲ್ಲು ಬೇಕಾಗುವುದಿಲ್ಲ ಎಂದು ವೈದ್ಯರು ಉತ್ತರಿಸಿದರು. ಬೆಳಗಾಗುವುದರೊಳಗೆ ರಾಜಾ ಹೋಯಿತು.

ಈ ಪ್ರಸಂಗವನ್ನು ನಾವು ಎಷ್ಟೋ ವರ್ಷ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇವೆ. ಅಜ್ಜ ಸುಳ್ಳು ಹೇಳಿರಲಿಲ್ಲ. ಬೇಸಿಗೆ ಕುದುರೆಯನ್ನು ಸೊರಗಿಸುತ್ತದೆಂಬುದು ನಿಜ. ಮಳೆ ಬಿದ್ದರೆ ಸುಧಾರಿಸುತ್ತದೆಂಬುದೂ ನಿಜವಾಗಿಯೇ ಕಂಡಿತು. ರೋಗವನ್ನು ಮರೆಮಾಡಿದ್ದು ಅಜ್ಞಾನ ಮಾತ್ರವಲ್ಲ, ಜ್ಞಾನವೂ ಹೌದು. ಋತುವಿನ ಬಗ್ಗೆ ಅವರಿಗಿದ್ದ ಸರಿಯಾದ ತಿಳಿವಳಿಕೆಯೇ ಅವರ ಕಣ್ಣಿಗೆ ಪರದೆಯಾಯಿತು. ಹೀಗಾಗಲು ಕಾರಣವೇನು?

ಒಂದು ಕಾರಣ ಇದು. ಋತುಮಾನವೆಂಬ ಉತ್ತರವು ಯಾವ ಸ್ಥಿತಿಗಾದರೂ ಹೊಂದಿಕೊಳ್ಳುತ್ತದೆ. ಸೊರಗಿದರೆ ಬೇಸಿಗೆ, ಮೈ ನಡುಗಿದರೆ ಚಳಿ, ಕಾಲು ಬಾತರೆ ಮಳೆಗಾಲದ ತೇವ. ಎಂದೂ ಸೋಲದ ಉತ್ತರ ನಮಗೆ ಏನನ್ನೂ ತಿಳಿಸುವುದಿಲ್ಲ. ಅಜ್ಜ ತಮ್ಮ ಮಾತನ್ನು ಪರೀಕ್ಷಿಸಿದ್ದು ಅದು ಗೆಲ್ಲುವ ಒಂದೇ ಕಡೆಯಲ್ಲಿ, ಮಳೆ ಬಂದ ಮೇಲೆ. ಸೋಲಬಹುದಾಗಿದ್ದ ಕಡೆಗಳನ್ನು ನೋಡಲಿಲ್ಲ. ಟಾಂಗಾ ನಿಲ್ದಾಣದಲ್ಲಿ ಇನ್ನೂ ಏಳೆಂಟು ಕುದುರೆಗಳು ಇದ್ದವು. ಬಿಸಿಲು ಎಲ್ಲಕ್ಕೂ ಒಂದೇ ಆಗಿತ್ತು, ಕಣಿಕೆಯೂ ಒಂದೇ ಆಗಿತ್ತು. ಅಷ್ಟು ಸೊರಗಿದ್ದು ನಮ್ಮದೊಂದೇ. ಮಾಘದಲ್ಲಿ ಬೇಸಿಗೆಯಿರಲಿಲ್ಲ. ಬಿಸಿಲಿಗೂ ಉಗುಳಿದ ಉಂಡೆಗೂ ಸಂಬಂಧವಿರಲಿಲ್ಲ. ಈ ಮೂರೂ ಸಂಗತಿಗಳು ಕಣ್ಣೆದುರಿಗೇ ಇದ್ದವು.

ಇನ್ನೊಂದು ಕಾರಣ ಹೇಳಲು ಕಷ್ಟವಾದದ್ದು. ಆ ಉತ್ತರ ನಮಗೆ ಅಗ್ಗವಾಗಿತ್ತು. ಋತುಮಾನವೆಂದರೆ ಟಾಂಗಾ ನಿಲ್ಲಿಸಬೇಕಾಗಿಲ್ಲ. ರೋಗವೆಂದರೆ ನಿಲ್ಲಿಸಬೇಕು, ವೈದ್ಯರಿಗೆ ಹಣ ಕೊಡಬೇಕು, ಲಗ್ನದ ಗಿರಾಕಿಯನ್ನು ಪಕ್ಕದವನಿಗೆ ಬಿಡಬೇಕು. ಎರಡು ಉತ್ತರಗಳಲ್ಲಿ ಒಂದು ನಮಗೆ ಏನೂ ಖರ್ಚಿಲ್ಲದ್ದು, ಇನ್ನೊಂದು ದುಬಾರಿಯದು ಆಗಿರುವಾಗ ಮನಸ್ಸು ಯಾವುದನ್ನು ಸತ್ಯವೆಂದು ಆರಿಸಿಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಆರಿಸಿಕೊಂಡದ್ದು ಅದಕ್ಕೇ ಗೊತ್ತಾಗುವುದಿಲ್ಲ. ಆ ಬೇಸಿಗೆಯ ದುಡಿಮೆಯಿಂದ ನಮ್ಮ ಶಾಲೆಯ ಪುಸ್ತಕಗಳು ಬಂದವು. ಅಜ್ಜನೊಬ್ಬರನ್ನೇ ತಪ್ಪಿತಸ್ಥರೆನ್ನುವ ಅಧಿಕಾರ ಆ ಪುಸ್ತಕ ಓದಿದ ನಮಗಿಲ್ಲ.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರು ಆಕ್ಷೇಪಿಸಬಹುದು. ಬಡವನು ಕುದುರೆಯ ಪ್ರತಿಯೊಂದು ನಿಟ್ಟುಸಿರಿಗೂ ಚಿಂತಿಸುತ್ತ ಕುಳಿತರೆ ಬದುಕುವುದು ಹೇಗೆ? ಹಲ್ಲಿನ ವಿಷಯ ತಿಳಿಯದಿದ್ದುದು ಅಪರಾಧವೆ? ನ್ಯಾಯವಾದ ಆಕ್ಷೇಪ. ತಿಳಿಯದಿರುವುದು ದೋಷವಲ್ಲವೆಂದೇ ನಾವೂ ಹೇಳುತ್ತೇವೆ. ಹಲ್ಲು ಸವೆಯುವ ಬಗೆ ಅಜ್ಜನಿಗೆ ಗೊತ್ತಿರಬೇಕಾಗಿರಲಿಲ್ಲ. ಆದರೆ ಮನೆಯವರೊಬ್ಬರು ಬಂದು, ಇದು ಮೇವು ಉಗುಳುತ್ತಿದೆ ಎಂದು ಹೇಳಿದಾಗ ಗಾಲಿ ಬಿಟ್ಟು ಎದ್ದು ಬಂದು ನೋಡುವುದು ಸಾಧ್ಯವಿತ್ತು. ತಿಳಿವಳಿಕೆ ಎಲ್ಲರಿಗೂ ಸಿಗುವುದಿಲ್ಲ. ಎದ್ದು ನೋಡುವುದಕ್ಕೆ ತಿಳಿವಳಿಕೆ ಬೇಕಾಗಿಲ್ಲ. ದೋಷ ಹುಟ್ಟುವುದು ಅಲ್ಲಿ, ಮುಂದೆ ಬಂದ ಸಂಗತಿಯನ್ನು ಸಿದ್ಧ ಉತ್ತರದಿಂದ ಹಿಂದಕ್ಕೆ ಕಳುಹಿಸುವಲ್ಲಿ.

ಅತಿಯಾದ ಚಿಂತೆಯೂ ಹಿತವಲ್ಲವೆಂಬುದನ್ನು ಒಪ್ಪುತ್ತೇವೆ. ಚಳಿಗಾಲದ ಕುಣಿತವನ್ನು ಕಂಡು ಔಷಧ ಹಾಕುವುದು, ಬೇಸಿಗೆಯಲ್ಲಿ ಸೊರಗಿತೆಂದು ಒಮ್ಮೆಗೇ ಹುರುಳಿ ಕಡಲೆ ಹೆಚ್ಚಿಸುವುದು ಇವುಗಳಿಂದ ಕೆಡುಕೇ ಹೆಚ್ಚು. ಹಬ್ಬದ ಬಿಡುವಿನಲ್ಲಿ ಲಾಯದಲ್ಲಿಯೇ ನಿಲ್ಲಿಸಿ ತುಂಬ ಕಾಳು ತಿನ್ನಿಸಿ, ಮರುದಿನ ಒಮ್ಮೆಗೇ ದುಡಿಮೆಗೆ ಹೂಡಿದ ಕುದುರೆಯ ತೊಡೆಯ ಸ್ನಾಯುಗಳು ಮರಗಟ್ಟಿ, ಮೂತ್ರ ಕಪ್ಪುಗಟ್ಟಿ ನಿಂತಲ್ಲಿಯೇ ನಿಂತುಬಿಡುವುದುಂಟು. ಪ್ರೀತಿಯಿಂದ ಮಾಡಿದ್ದೂ ನೋಡದೆ ಮಾಡಿದರೆ ಹೀಗೆಯೇ.

ಹಾಗಾದರೆ ಚಿಂತಿಸಬೇಕಾದದ್ದು ಯಾವಾಗ? ಅನುಭವಸ್ಥರು ಹೇಳುವುದನ್ನೂ ನಾವು ಕಂಡದ್ದನ್ನೂ ಸೇರಿಸಿ ಕೆಲವು ಮಾತು ಹೇಳಬಹುದು. ಋತು ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ಕುಸಿದ ಚೈತನ್ಯ ಋತುವಿನದಲ್ಲ. ಋತು ಎಲ್ಲ ಪ್ರಾಣಿಗಳ ಮೇಲೂ ಬೀಳುತ್ತದೆ. ಒಂದೇ ಕುದುರೆ ಸೊರಗಿದರೆ ಕಾರಣ ಬೇರೆ. ಋತುವಿನ ದಣಿವು ನೆರಳು, ನೀರು, ವಿಶ್ರಾಂತಿಗಳಿಂದ ಸಂಜೆಗೆ ತಗ್ಗುತ್ತದೆ. ತಂಪಾದ ಬೆಳಗಿನಲ್ಲಿಯೂ ಉಳಿದ ದಣಿವನ್ನು ನಂಬಬಾರದು. ಋತು ಹೆಜ್ಜೆಯನ್ನು ನಿಧಾನಗೊಳಿಸುತ್ತದೆ, ಒಂದು ಕಾಲನ್ನು ಕುಂಟಿಸುವುದಿಲ್ಲ. ಮೇವಿನ ಆಸೆಯನ್ನು ತುಸು ತಗ್ಗಿಸುತ್ತದೆ, ಅಗಿದದ್ದನ್ನು ಉಗುಳಿಸುವುದಿಲ್ಲ. ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುವ ಪ್ರಾಣಿ. ಅರ್ಧ ದಿನ ಲದ್ದಿ ಕಾಣದಿದ್ದರೆ, ಅದು ಯಾವ ಋತುವಾದರೂ, ಕಾಯಬಾರದು. ಉರಿಬಿಸಿಲಿನಲ್ಲಿ ದುಡಿದೂ ಮೈ ಒಣಗಿಯೇ ಇದ್ದು ಏದುಸಿರು ಬಿಡುತ್ತಿದ್ದರೆ ಬೆವರುವ ಶಕ್ತಿಯೇ ಕುಂದಿದೆಯೆಂದು ತಿಳಿದು ಕೂಡಲೇ ನೆರಳಿಗೆ ತಂದು ಮೈಮೇಲೆ ನೀರು ಸುರಿಯಬೇಕು.

ಲೆಕ್ಕಕ್ಕೆ ಸಿಗುವ ಗುರುತುಗಳೂ ಇವೆ. ಸುಮ್ಮನೆ ನಿಂತ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ದವಡೆಯ ಕೆಳಗಿನ ಎಲುಬಿನ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇದಕ್ಕೆಲ್ಲ ಹಣ ಬೇಕಾಗಿಲ್ಲ. ಆದರೆ ಕುದುರೆ ಚೆನ್ನಾಗಿರುವಾಗಲೇ ಎಣಿಸಿ ಇಟ್ಟುಕೊಂಡಿರಬೇಕು. ಅದರ ಸಹಜಸ್ಥಿತಿ ಗೊತ್ತಿಲ್ಲದವನಿಗೆ ಅಸಹಜ ಗೊತ್ತಾಗುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಉದಾಹರಣೆಯನ್ನು ಹೇಳಲೇಬೇಕು. ಕಚ್ಚುವ ನೊಣಗಳು ಹೆಚ್ಚಾದ ಆ ಕಾಲದಲ್ಲಿ ಕುದುರೆಗೆ ಬಿಟ್ಟು ಬಿಟ್ಟು ಜ್ವರ ಬರುತ್ತದೆ, ನಡುವೆ ನಾಲ್ಕಾರು ದಿನ ಚೆನ್ನಾಗಿಯೇ ಇರುತ್ತದೆ, ಮತ್ತೆ ಸೊರಗುತ್ತದೆ, ಕಾಲು ಮತ್ತು ಹೊಟ್ಟೆಯ ಕೆಳಭಾಗ ಬಾವು ಹಿಡಿಯುತ್ತವೆ. ಹವೆ ಬದಲಾದದ್ದಕ್ಕೆ ಹೀಗಾಯಿತೆಂದು ಬಿಟ್ಟುಬಿಡುವುದು ಸುಲಭ. ಇದು ಸುರ್ರಾ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಪಂಜಾಬಿನಲ್ಲಿ ಕುದುರೆ, ಒಂಟೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಚಲಿಸುತ್ತಿದ್ದ ಪರೋಪಜೀವಿಯನ್ನು ಕಂಡುಹಿಡಿದರು. ಆ ಜೀವಿಗೆ ಇಂದಿಗೂ ಅವರ ಹೆಸರಿದೆ. ಋತು ಇಲ್ಲಿ ನಿರ್ದೋಷಿಯಲ್ಲ, ನೊಣವನ್ನು ತಂದದ್ದು ಅದೇ. ಆದರೆ ರೋಗ ರೋಗವೇ, ಅದಕ್ಕೆ ಮದ್ದು ಬೇಕು. ಋತುವಿನಿಂದ ಬಂದದ್ದು ಋತುವಿನೊಡನೆ ಹೋಗಿಯೇ ಹೋಗುತ್ತದೆಂಬ ನಿಯಮವೇನೂ ಇಲ್ಲ.

ಪ್ರಾಣಿಯ ನೋವನ್ನು ಓದುವ ವಿದ್ಯೆ ನಮ್ಮ ನುಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಅಭಿನವಚಂದ್ರನ ಅಶ್ವವೈದ್ಯವೂ ಕನ್ನಡದಲ್ಲಿದೆ. ಮಾತು ಬಾರದ ಜೀವದ ಪರವಾಗಿ ಮಾತು ಹುಡುಕುವುದು ಸಾಹಿತ್ಯದ ಕೆಲಸವೆಂದು ನಮ್ಮ ಪೂರ್ವಿಕರು ಭಾವಿಸಿದ್ದರು.

ನಮ್ಮ ಕಾಲದ ಕಾನೂನೂ ಋತುವನ್ನು ಮರೆತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ, ಎಳೆಯುವ ಹಾಗೂ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತೆಯೇ ಇಲ್ಲ. ನಮ್ಮ ಸೀಮೆಯ ಬೇಸಿಗೆಗೆ ಈ ಮಾತನ್ನು ಹಚ್ಚಿ ನೋಡಿದರೆ ಎಷ್ಟು ದಿನ ಅನ್ವಯಿಸುತ್ತದೆಂಬುದು ಹೊಳೆಯುತ್ತದೆ. ಟಾಂಗಾ ಇಲ್ಲದಿದ್ದರೂ ಲಗ್ನದ ಮೆರವಣಿಗೆಯ ಕುದುರೆ ಇದೆ. ವೈಶಾಖದಲ್ಲಿ ದೀಪದ ಸಾಲಿನ ನಡುವೆ, ಬ್ಯಾಂಡಿನ ಅಬ್ಬರದಲ್ಲಿ, ಒಂದೇ ದಿನ ಎರಡು ಮೂರು ಮನೆಯ ಮುಂದೆ ನಿಲ್ಲುವ ಆ ಬಿಳಿ ಕುದುರೆಯ ಮೇಲೆ ನಮ್ಮ ಮನೆಯ ಮಕ್ಕಳೇ ಕುಳಿತಿರುತ್ತಾರೆ. ಕುದುರೆ ಸ್ವಭಾವತಃ ಬೇಟೆಗೆ ಈಡಾಗುವ ಪ್ರಾಣಿ, ತನ್ನ ದೌರ್ಬಲ್ಯವನ್ನು ಮರೆಮಾಚುವುದು ಅದರ ಹುಟ್ಟುಗುಣ. ಅದು ಸುಮ್ಮನೆ ನಿಂತಿದೆಯೆಂದರೆ ಸುಖವಾಗಿದೆಯೆಂದು ಅರ್ಥವಲ್ಲ. ಬಾಡಿಗೆ ಕೊಟ್ಟ ನಾವು ಒಂದು ಬಕೆಟ್ ನೀರು ಇರಿಸುವಂತೆ ಹೇಳಬಹುದು. ಮೂಗಿನ ಹೊಳ್ಳೆ, ಪಕ್ಕೆ, ಕಾಲು ನೋಡಿ, ಇದು ಇಂದು ಬೇಡ ಎನ್ನಬಹುದು. ಮೆರವಣಿಗೆ ಅರ್ಧ ತಾಸು ತಡವಾದೀತು, ಅಷ್ಟೇ.

ಹೀಗೆ ವಿಚಾರ ಮಾಡಿದಾಗ ನಮಗೆ ತೋರುವ ನಿಲುವು ಇದು. ಋತುವೋ ರೋಗವೋ ಎಂಬ ಸಂಶಯ ಕೊನೆಯವರೆಗೂ ಪೂರ್ತಿ ತೀರುವುದಿಲ್ಲ, ಸಂಶಯದಲ್ಲಿಯೇ ತೀರ್ಮಾನ ಮಾಡಬೇಕಾಗುತ್ತದೆ. ತೀರ್ಮಾನ ತಪ್ಪಿದರೆ ಯಾರಾದರೊಬ್ಬರು ಬೆಲೆ ತೆರಬೇಕು. ರೋಗವೆಂದು ತಿಳಿದು ನಿಲ್ಲಿಸಿ, ಅದು ಬರಿಯ ಬೇಸಿಗೆಯಾಗಿದ್ದರೆ ನಮ್ಮದು ಒಂದು ದಿನದ ಗಳಿಕೆ ಹೋಗುತ್ತದೆ. ಬೇಸಿಗೆಯೆಂದು ತಿಳಿದು ಹೂಡಿ, ಅದು ರೋಗವಾಗಿದ್ದರೆ ಅದರ ಪ್ರಾಣ ಹೋಗುತ್ತದೆ. ಪ್ರಾಣಿಯ ದುಡಿಮೆಯ ಲಾಭ ನಮ್ಮದಾದ ಮೇಲೆ ಸಂಶಯದ ಖರ್ಚೂ ನಮ್ಮದೇ ಆಗಬೇಕು. ಅದನ್ನು ಮಾತಿಲ್ಲದ ಜೀವದ ಮೇಲೆ ಹೊರಿಸುವುದು ನ್ಯಾಯವಲ್ಲ.

ಕುದುರೆಯ ಮಾತನ್ನು ಕುದುರೆಗೆ ಮಾತ್ರ ಬಿಡಲು ಮನಸ್ಸು ಒಪ್ಪುವುದಿಲ್ಲ. ಮನೆಯ ಹಿರಿಯರು ಊಟದ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟಾಗ "ವಯಸ್ಸಾಯ್ತಲ್ಲ" ಎನ್ನುತ್ತೇವೆ. ಹಲ್ಲು ನೋಯುತ್ತಿದೆಯೇ ಎಂದು ಕೇಳುವುದಿಲ್ಲ. ಪರೀಕ್ಷೆಯ ಕಾಲದಲ್ಲಿ ಮಗು ಮಂಕಾದರೆ ಪರೀಕ್ಷೆಯ ಕಾಲವೆಂದೇ ಸಮಾಧಾನಪಟ್ಟುಕೊಳ್ಳುತ್ತೇವೆ. ವಯಸ್ಸೂ ನಿಜ, ಪರೀಕ್ಷೆಯೂ ನಿಜ. ರಾಜಾನ ಬೇಸಿಗೆಯೂ ನಿಜವೇ ಆಗಿತ್ತು.

ಅಜ್ಜ ಮತ್ತೆ ಒಂದು ಕುದುರೆ ತಂದರು, ಇನ್ನೂ ಹನ್ನೆರಡು ವರ್ಷ ಟಾಂಗಾ ಹೊಡೆದರು. ಪ್ರತಿ ದೀಪಾವಳಿಗೆ ಅದರ ಹಲ್ಲು ನೋಡಿಸುತ್ತಿದ್ದರು. ಆದರೆ ಅದಕ್ಕಿಂತ ನಮಗೆ ನೆನಪಿರುವುದು ಇನ್ನೊಂದು ಸಂಗತಿ. ದಿನವೂ ಸಂಜೆ ಟಾಂಗಾ ಬಿಚ್ಚಿದ ಮೇಲೆ ಅವರು ಲಾಯದ ಬಾಗಿಲಲ್ಲಿ ನಿಂತು ಒಳಗೆ ಗುಡಿಸುತ್ತಿದ್ದ ಆಯಿಯನ್ನು ಕೇಳುತ್ತಿದ್ದರು: "ಇವತ್ತ ಏನರೆ ಕಂಡೀ?" ಏನೂ ಇಲ್ಲವೆಂದು ಆಯಿ ಹೇಳಿದ ಮೇಲೆಯೂ ಒಳಗೆ ಹೋಗಿ ಗೋದಲಿಯಲ್ಲಿ ಒಮ್ಮೆ ಕೈಯಾಡಿಸಿಯೇ ಊಟಕ್ಕೆ ಬರುತ್ತಿದ್ದರು.